ಗಾದಿಯ ಜೊತೆ ಲಿಂಗಸುಗೂರಿಗೆ ಹೋದ ಮರಿ

ಎರಡು ವರ್ಷದ ಹಿಂದಿನ ಡಿಸೆಂಬರ್ ತಿಂಗಳ ಮಾತು. ಧನುರ್ಮಾಸ ಹತ್ತಿದರೆ ಮದುವೆ ಮಾಡುವಂತಿಲ್ಲ ಎಂದು ಹೆಣ್ಣು ಹೆತ್ತವರಿಗೆಲ್ಲ ಅವಸರವೋ ಅವಸರ. ಸಿಂಧನೂರಿನಲ್ಲಿ ನಮ್ಮದು ಹತ್ತಿ ಹಿಂಜಿ ಗಾದಿ ಮಾಡುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಚಳಿಗಾಲ ಬಂತೆಂದರೆ ನಮಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಚಳಿಗೆ ಹೊಸ ಗಾದಿ ಬೇಕು ಎನ್ನುವವರು ಒಂದು ಕಡೆ, ಮಗಳ ಜೊತೆ ಕಳಿಸಲು ಗಾದಿ, ದಿಂಬು ಬೇಕು ಎನ್ನುವವರು ಇನ್ನೊಂದು ಕಡೆ. ನಮ್ಮ ಮನೆಯವರು ಮಷಿನ್ ಮೇಲೆ ಹತ್ತಿ ಹಿಂಜುತ್ತಾರೆ, ನಾನು ತುಂಬಿ ಹೊಲಿಯುತ್ತೇನೆ. ಊಟಕ್ಕೆ ಕೂತರೆ ಅನ್ನದಲ್ಲೂ ಒಂದೆಳೆ ಹತ್ತಿ ಸಿಗುತ್ತದೆ.

ಅದೇ ಹೊತ್ತಿಗೆ ನಮ್ಮ ಬೆಕ್ಕು ಮೂರು ಮರಿ ಹಾಕಿತ್ತು. ಅದಕ್ಕೆ ಬೇಗಂ ಎಂದು ಹೆಸರಿಟ್ಟವರು ನಮ್ಮ ಅತ್ತೆ. ಅದು ಕೂರುವ ಠೀವಿ ಹಾಗಿತ್ತು. ಬಾಣಂತಿಗೆಂದು ನಾನು ಅಡುಗೆಮನೆಯ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟು, ಅದರಲ್ಲಿ ಗೋಣಿಚೀಲ ಹಾಸಿದ್ದೆ. ಆ ವರ್ಷ ಚಳಿ ಜೋರಿತ್ತು. ಸುತ್ತ ಕಾಲುವೆ ನೀರಿನ ಗದ್ದೆ, ಬೆಳಗಾದರೆ ಮಂಜು. ನಮ್ಮ ಮನೆಯ ಹಾಸುಬಂಡೆಯ ಮೇಲೆ ಬರಿಗಾಲಿಟ್ಟರೆ ನೆತ್ತಿಗೆ ಹತ್ತುವಷ್ಟು ತಣ್ಣಗೆ. ಡಬ್ಬಿ ಆ ಬಂಡೆಯ ಮೇಲೇ ಇತ್ತು. ಬೇಗಂಗೆ ಜಾಗ ಹಿಡಿಸಿರಲಿಲ್ಲ. ಎರಡು ದಿನದಿಂದ ಮನೆಯೆಲ್ಲ ಸುತ್ತಿ, ಕಪಾಟಿನ ಹಿಂದೆ, ಮಂಚದ ಕೆಳಗೆ ಮೂಗು ತೂರಿಸಿ ಏನನ್ನೋ ಹುಡುಕುತ್ತಿತ್ತು.

ಮಸ್ಕಿಯ ಒಬ್ಬರು ಮಗಳ ಮದುವೆಗೆ ನಮ್ಮಲ್ಲಿ ಗಾದಿ ಹೇಳಿದ್ದರು. ಹುಡುಗಿಯನ್ನು ಲಿಂಗಸುಗೂರಿಗೆ ಕೊಟ್ಟಿದ್ದರು. ಹಿಂದಿನ ದಿನವೇ ಗಾದಿ ಹೊಲಿದು, ಸುರುಳಿ ಸುತ್ತಿ, ಹಗ್ಗ ಬಿಗಿದು ಅಂಗಡಿಯ ಬೆಂಚಿನ ಮೇಲೆ ಇಟ್ಟಿದ್ದೆವು. ದಪ್ಪ ಗಾದಿಯನ್ನು ಎಷ್ಟು ಬಿಗಿದು ಸುತ್ತಿದರೂ ನಡುವೆ ಒಂದು ಕೈ ಹೋಗುವಷ್ಟು ಪೊಳ್ಳು ಉಳಿಯುತ್ತದೆ. ಮದುವೆಯ ದಿನ ಬೆಳಗಿನ ಮಬ್ಬಿನಲ್ಲೇ ಅವರ ಕಡೆಯ ಗಾಡಿ ಬಂತು. ಮಂಜಿನಲ್ಲಿ ಎದುರಿನವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಗಾದಿ, ದಿಂಬು ಹೇರಿಕೊಂಡು ಹೋದರು. ನಾನು ಚಹಾಕ್ಕೆ ನೀರಿಟ್ಟೆ.

ಚಹಾ ಸೋಸಿಕೊಂಡು ಅಂಗಡಿಗೆ ಬಂದರೆ ಬೇಗಂ ಖಾಲಿ ಬೆಂಚಿನ ಮುಂದೆ ನಿಂತಿತ್ತು. ಬಾಯಲ್ಲಿ ಒಂದು ಮರಿ. ಬೆಂಚಿನ ಮೇಲೆ ಹಾರಿತು, ಮೂಸಿತು, ಇಳಿಯಿತು. ಮತ್ತೆ ಹಾರಿತು. ಮರಿಯನ್ನು ಕೆಳಗೆ ಇಡಲೊಲ್ಲದು. ಬಾಯಿ ತುಂಬ ಮರಿ ಇದ್ದರೂ ಗಂಟಲಿನಿಂದ ಒಂದು ಥರದ ನರಳಾಟ. ನಾನು ಓಡಿ ಹೋಗಿ ಡಬ್ಬಿ ನೋಡಿದೆ. ಅದರಲ್ಲಿ ಒಂದೇ ಮರಿ ಇತ್ತು.

"ಮಷಿನ್ ಬಂದ್ ಮಾಡ್ರೀ!" ಎಂದು ಕಿರುಚಿದೆ. ನಮ್ಮ ಮನೆಯವರು ಆಗಷ್ಟೇ ಮಷಿನ್ ಚಾಲೂ ಮಾಡಿದ್ದರು. ಗಾಬರಿಯಾಗಿ ನಿಲ್ಲಿಸಿದರು. ಇಬ್ಬರೂ ಹತ್ತಿಯ ಗುಡ್ಡೆಯನ್ನು ಕೈಯಿಂದ ಕೆದರಿದೆವು. ಏನೂ ಸಿಗಲಿಲ್ಲ. ಗಲಾಟೆ ಕೇಳಿ ಅತ್ತೆ ಹೊರಗೆ ಬಂದರು.

"ಗಾಡಿ ಬರೂಕಿಂತ ಮೊದಲ ಬೇಗಂ ಬಾಯಾಗ ಏನೋ ಕಚ್ಕೊಂಡು ಅಂಗಡಿ ಕಡಿ ಹೊಂಟಿತ್ತು. ನಾ ಇಲಿ ಹಿಡದೈತಿ ಅಂದ್ಕೊಂಡೆ" ಎಂದರು.

ಮೂವರೂ ಬೆಂಚಿನ ಕಡೆ ನೋಡಿದೆವು. ಬೇಗಂ ಎರಡು ದಿನ ಹುಡುಕಿದ ಬೆಚ್ಚನೆಯ ಜಾಗ ಆ ಗಾದಿಯ ಸುರುಳಿ. ಮೊದಲ ಮರಿಯನ್ನು ಅದರ ಪೊಳ್ಳಿನಲ್ಲಿ ಇಟ್ಟು, ಎರಡನೆಯದನ್ನು ತರಲು ಹೋಗಿತ್ತು. ಅಷ್ಟರಲ್ಲಿ ಗಾದಿ ಮಸ್ಕಿಯ ದಾರಿ ಹಿಡಿದಿತ್ತು.

ಹುಡುಗಿಯ ಅಪ್ಪನಿಗೆ ಫೋನ್ ಮಾಡಿದೆವು. ಮದುವೆಮನೆಯಲ್ಲಿ ಯಾರು ಎತ್ತುತ್ತಾರೆ? ಗಂಟೆ ಬಾರಿಸಿ ಬಾರಿಸಿ ನಿಂತಿತು. ನಾನು ಮಾವಿನಹಣ್ಣಿನ ಖಾಲಿ ಬುಟ್ಟಿ ತೆಗೆದು ಒಳಗೆ ಹಳೆಯ ಶಾಲು ಹಾಸಿದೆ. ಬೇಗಂನನ್ನೂ ಎರಡು ಮರಿಗಳನ್ನೂ ಅದರಲ್ಲಿಟ್ಟು ಮೇಲೆ ಬಲೆ ಕಟ್ಟಿದೆ.

"ಬೆಕ್ಕಿನ ಮರಿ ಸಲುವಾಗಿ ಮಂದಿ ಮದುವಿಗೆ ಹೋಗಿ ಗಾದಿ ಬಿಚ್ರಿ ಅಂತೀಯೇನು? ನಾಳಿ ಊರೆಲ್ಲ ನಗತೈತಿ, ಹಸೀನಾ" ಎಂದರು ಮನೆಯವರು.

"ನಗಲಿ. ಇದರ ಒದರಾಟ ಕೇಳ್ಕೋತ ನನಗ ಸೂಜಿ ಹಿಡಿಯಾಕ ಆಗಂಗಿಲ್ಲ" ಎಂದೆ. ಇನ್ನೂ ಕಣ್ಣು ಸರಿಯಾಗಿ ಬಿಡದ ಮರಿ. ತಾಯಿಯ ಮೈ ಬಿಟ್ಟು ಎಷ್ಟು ಹೊತ್ತು ಬದುಕೀತು? ಅತ್ತೆ ಮಾತ್ರ ತಮ್ಮ ಹೆಗಲ ಮೇಲಿನ ದಪ್ಪ ಟವೆಲ್ ತೆಗೆದು ಬುಟ್ಟಿಯ ಮೇಲೆ ಹೊದಿಸಿ, "ನಡಿ, ನಡಿ, ನಿಂತ್ಕೋಬ್ಯಾಡ" ಎಂದು ನನ್ನನ್ನು ಹೊರಗೆ ದಬ್ಬಿದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಸಮಾಧಾನ ಸಿಗಲಿಲ್ಲ. ಹೆಣ್ಣುಮಕ್ಕಳಿಗೆ ಫ್ರೀ ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಬುಟ್ಟಿಯೊಳಗಿನ ಕೂಗು ಕೇಳಿ ನಿಂತ.

"ಏನೈತ್ರೀ ಬುಟ್ಟ್ಯಾಗ?"

"ಬೆಕ್ಕು."

"ಗಂಡೋ, ಹೆಣ್ಣೋ?"

"ಮರಿ ಹಾಕೈತಿ ಅಂದ್ರ ಹೆಣ್ಣೇ ಅಲ್ರೀ."

"ಹಂಗಾರ ಅದಕ್ಕೂ ಫ್ರೀ. ಆದ್ರ ಆಧಾರ್ ಕಾರ್ಡ್ ತೋರಿಸಬೇಕಾಗ್ತೈತಿ ನೋಡ್ರಿ."

ಬಸ್ಸೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ನಾನೂ ಒಂದು ಮಾತು ಸೇರಿಸಿ ನಗುತ್ತಿದ್ದೆ. ಅವತ್ತು ಉರಿದುಹೋಯಿತು. "ಗಾಡಿ ಜಲ್ದಿ ಬಿಡಾಕ ಹೇಳ್ರಿ ಮೊದಲ" ಎಂದು ಗದರಿದೆ. ಮುಂದೆ ಭತ್ತ ಕೊಯ್ಯುವ ದೊಡ್ಡ ಮಷಿನ್ ಒಂದು ರಸ್ತೆ ತುಂಬ ಹರಡಿಕೊಂಡು ಹೋಗುತ್ತಿತ್ತು. ಅದು ಪಕ್ಕಕ್ಕೆ ಸರಿಯುವ ತನಕ ನಮ್ಮ ಬಸ್ಸು ಎತ್ತಿನಗಾಡಿಯ ನಡಿಗೆಯಲ್ಲಿ ಸಾಗಿತು. ಕಿಟಕಿಯ ಗಾಜು ಸಂದಿ ಬಿಟ್ಟು ಗಾಳಿ ಹೊಡೆಯುತ್ತಿತ್ತು. ಸೆರಗು, ಟವೆಲ್ ಎರಡನ್ನೂ ಬುಟ್ಟಿಗೆ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ನಡುನಡುವೆ ಬಲೆಯೊಳಗೆ ಬೆರಳು ಹಾಕಿ ಆ ಎರಡು ಮರಿ ಬೆಚ್ಚಗಿವೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ಮುಟ್ಟಿದಾಗಲೆಲ್ಲ ಮೂರನೆಯದರ ನೆನಪಾಗುತ್ತಿತ್ತು.

ಮಸ್ಕಿಯಲ್ಲಿ ಇಳಿದು ಮದುವೆಮನೆ ಹುಡುಕುವುದು ಕಷ್ಟವಾಗಲಿಲ್ಲ. ಬ್ಯಾಂಡಿನ ಸದ್ದು ಕರೆದುಕೊಂಡು ಹೋಯಿತು. ಮಕ್ಕಳು ಬುಟ್ಟಿಯ ಹಿಂದೆ ಬಿದ್ದರು. ಹುಡುಗಿಯ ತಾಯಿಯನ್ನು ಅಡುಗೆಯ ಒಲೆಗಳ ಹತ್ತಿರ ಹಿಡಿದೆ. ಗಾದಿ ಹೇಳಲು ಬಂದಾಗ ನೋಡಿದ ಮುಖವೇ. ರೇಷ್ಮೆ ಸೀರೆ, ಕೆಂಪಾದ ಕಣ್ಣು. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಅಯ್ಯ ತಂಗಿ, ಗಾದಿ ಇಲ್ಲೆಲ್ಲಿ ಐತಿ? ಬೆಳಿಗ್ಗೇನೇ ಪಾತ್ರಿ, ಟ್ರಂಕು, ಎಲ್ಲಾ ಸಾಮಾನಿನ ಜೋಡಿ ಲಿಂಗಸುಗೂರಿಗೆ ಹೋತು" ಎಂದರು.

"ಫೋನ್ ಮಾಡ್ರಿ ಅಕ್ಕಾರ. ಯಾರರ ಬಿಚ್ಚಿ ನೋಡ್ಲಿ."

ಆಕೆಯ ಮುಖ ಬಿಗಿಯಿತು. ನನ್ನನ್ನು ಪಕ್ಕಕ್ಕೆ ಎಳೆದು ಮೆಲ್ಲಗೆ ಹೇಳಿದರು. "ಬಿಚ್ಚೂ ಮಾತು ಆಡಬ್ಯಾಡ. ಅದಕ್ಕ ನಾನೇ ಅರಿಶಿಣದ ದಾರ ಸುತ್ತಿ ಗಂಟು ಹಾಕೀನಿ. ನಮ್ಮ ಮನಿತನದಾಗ ತಾಯಿ ಹಾಕಿದ ಗಂಟು ಮಗಳೇ ಬಿಚ್ಚಬೇಕು, ಅದೂ ಗಂಡನ ಮನಿ ಹೊಸ್ತಿಲು ದಾಟಿದ ಮ್ಯಾಲೆ. ನನಗ ನಮ್ಮವ್ವ ಹಾಕಿದ್ಲು. ನಡುವ ಬಿಚ್ಚಿದ್ರ ಹುಡುಗಿ ಬಾಳೇವಿಗೆ ಚೊಲೋ ಅಲ್ಲ."

ಅವರು ಹೇಳಿದ್ದು ನನಗೆ ಗೊತ್ತಿಲ್ಲದ ಮಾತೇನಲ್ಲ. ನಾವೂ ಮದುವೆಯ ಗಾದಿಯ ಬಾಯಿ ಹೊಲಿದ ಮೇಲೆ ಮತ್ತೆ ಬಿಚ್ಚುವುದಿಲ್ಲ. ಹೊಲಿಗೆ ಡೊಂಕಾಗಿದ್ದರೂ ಹಾಗೇ ಬಿಡುತ್ತೇವೆ. ಮದುವೆಯ ದಿನ ಒಬ್ಬ ತಾಯಿಯ ಮನಸ್ಸಿನಲ್ಲಿ ಅನುಮಾನ ಹುಟ್ಟಿಸುವುದು ಸಣ್ಣ ಪಾಪವಲ್ಲ. ಆದರೆ ಬುಟ್ಟಿಯಲ್ಲಿ ಬೇಗಂ ಬಲೆಯನ್ನು ಕಚ್ಚುತ್ತ ಒಂದೇ ಸಮ ಕೂಗುತ್ತಿತ್ತು. ಆಕೆ ಟವೆಲ್ ಸರಿಸಿ ಒಳಗೆ ಇಣುಕಿದರು. ಮರಿಗಳು ನಡುಗುತ್ತಿದ್ದವು. ಆಕೆ ಅಡುಗೆಯವನ ಕಡೆ ತಿರುಗಿ, "ಒಂದು ಬಾಟಲಿಗೆ ಬಿಸಿನೀರು ತುಂಬಿ ಕೊಡಪಾ ಈಕಿಗೆ. ಕುದಿಯೂದು ಬ್ಯಾಡ" ಎಂದರು. ತಾವೇ ಬಾಟಲಿಗೆ ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರು. ಗಂಡಿನ ಮನೆ ಇರುವ ಓಣಿಯ ಗುರುತನ್ನೂ ಹೇಳಿದರು. ಅಷ್ಟರಲ್ಲಿ ಯಾರೋ ಕರೆದರು. "ಬಿಚ್ಚಬ್ಯಾಡ ಮತ್ತ, ನಿನಗ ಕೈ ಮುಗೀತೀನಿ" ಎಂದು ಹೇಳಿ ಓಡಿದರು.

ಲಿಂಗಸುಗೂರಿನ ಬಸ್ಸಿನಲ್ಲಿ ಕೂತಾಗ ನನ್ನ ತಲೆ ಕೆಟ್ಟುಹೋಗಿತ್ತು. ಹೋಗಿ ಏನು ಮಾಡುವುದು? ಬಿಚ್ಚುವಂತಿಲ್ಲ. ಹುಡುಗಿ ಬಂದು ಹೊಸ್ತಿಲು ದಾಟುವ ಹೊತ್ತಿಗೆ ಸಂಜೆಯಾಗುತ್ತದೆ. ಅಷ್ಟರೊಳಗೆ ಮರಿ ಉಳಿಯುವುದಿಲ್ಲ. ಮಸ್ಕಿ ದಾಟಿದ ಮೇಲೆ ಗದ್ದೆಗಳು ಹೋಗಿ ತೊಗರಿ, ಹತ್ತಿಯ ಹೊಲಗಳು ಬಂದವು. ನಾನು ಯಾವುದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಕಾಲು ತಾನೇ ತಾನಾಗಿ ಕುಣಿಯುತ್ತಿತ್ತು. ಪಕ್ಕದ ಹೆಂಗಸು, "ಆರಾಮಿಲ್ಲೇನ್ರೀ?" ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಗಂಡಿನ ಮನೆಯ ಬಾಗಿಲಲ್ಲಿ ಹಸಿರು ತೋರಣ, ಅಂಗಳದಲ್ಲಿ ರಂಗೋಲಿ. ಎಲ್ಲರೂ ಮಸ್ಕಿಗೆ ಹೋಗಿದ್ದರು. ಮನೆ ತುಂಬಿಸಿಕೊಳ್ಳುವ ಸಿದ್ಧತೆಗೆ ಉಳಿದ ನಾಲ್ಕೈದು ಹೆಂಗಸರು ಮತ್ತು ಮಂಡಿ ನೋವಿನಿಂದ ಹೋಗಲಾಗದ ಹುಡುಗನ ಅಜ್ಜಿ ಇದ್ದರು. ಅಜ್ಜಿ ಎಂದರೆ ಅಜ್ಜಿ. ಕುರ್ಚಿಯ ಮೇಲೆ ಕೂತೇ ಮನೆಯನ್ನೆಲ್ಲ ಆಡಿಸುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಕೋಣೆಯ ಮೂಲೆಗೆ ಕೈ ತೋರಿಸಿದರು. ಅಲ್ಲಿ ಟ್ರಂಕಿನ ಪಕ್ಕ ನನ್ನ ಕೈಯ ಗಾದಿ ನಿಂತಿತ್ತು. ಹಗ್ಗದ ಮೇಲೆ ಹಳದಿ ದಾರ ಅಡ್ಡಡ್ಡ, ಉದ್ದುದ್ದ ಸುತ್ತಿತ್ತು. ಮೇಲೆ, ಕೆಳಗೆ ಎರಡೂ ಕಡೆ ಪೊಳ್ಳಿನ ಬಾಯಿಗೆ ಬಟ್ಟೆ ಮುಚ್ಚಿ ಅದರ ಮೇಲೂ ದಾರ ಬಿಗಿದಿದ್ದರು.

"ನೋಡವ್ವಾ, ಆ ಗಂಟು ನಮ್ಮದಲ್ಲ. ಬೀಗತಿ ಹಾಕಿದ್ದು. ಸೊಸಿ ಬರೂತನ ನಾವು ಮುಟ್ಟಿದ್ರ, ಹುಡುಗಿ ತವರುಮನಿ ಮಾತಿಗೆ ಇವರು ಬೆಲಿ ಕೊಡಲಿಲ್ಲ ಅಂತ ಆಗತೈತಿ. ಮೊದಲನೇ ದಿನಾನೇ ಹಂಗ ಆಗಬಾರದು" ಎಂದರು ಅಜ್ಜಿ. ಮಾತು ನ್ಯಾಯವಾಗಿಯೇ ಇತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಗಾದಿಗೆ ಕಿವಿಯಿಟ್ಟು ಕೇಳಿದೆ. ಏನೂ ಇಲ್ಲ. ಹತ್ತಿಯ ಮೇಲೆ ಕಿವಿಯಿಟ್ಟರೆ ನಮ್ಮ ರಕ್ತದ ಸದ್ದೇ ನಮಗೆ ಕೇಳುತ್ತದೆ. ಒಬ್ಬ ಹೆಂಗಸು, "ಅದರಾಗ ಐತಿ ಅಂತ ಹೆಂಗ ಹೇಳ್ತಿ? ದಾರ್‍ಯಾಗ ಬಿದ್ದಿದ್ರ?" ಎಂದಳು. ಅವಳ ಮೇಲೆ ಹರಿಹಾಯಬೇಕು ಎನಿಸಿತು. ಆದರೆ ನನಗೂ ಅದೇ ಹೆದರಿಕೆ ಹುಟ್ಟಿತ್ತು.

ಬೇರೇನೂ ತೋಚದೆ ಬುಟ್ಟಿಯನ್ನು ಗಾದಿಯ ಬುಡದಲ್ಲಿಟ್ಟು ಬಲೆ ಬಿಚ್ಚಿದೆ. ದಾರಿಯುದ್ದಕ್ಕೂ ಕಿರುಚಿದ ಬೇಗಂ ಹೊರಗೆ ಬಂದು ಒಮ್ಮೆಲೇ ಸುಮ್ಮನಾಯಿತು. ಗಾದಿಯ ಸುತ್ತ ಒಂದು ಸುತ್ತು ಬಂತು. ಹಿಂಗಾಲ ಮೇಲೆ ನಿಂತು ಮುಂಗಾಲು ಊರಿ, ಗಂಟಲೊಳಗೇ ಮರಿಗಳನ್ನು ಕರೆಯುವ ಆ ಸಣ್ಣ ದನಿಯಲ್ಲಿ ಕರೆಯಿತು. ಮತ್ತೆ ಕರೆಯಿತು. ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ಆಗ ಗಾದಿಯೊಳಗಿಂದ ಸೂಜಿಯ ಮೊನೆಯಷ್ಟು ಸಣ್ಣದಾಗಿ ಒಂದು ಉತ್ತರ ಬಂತು. ಒಂದೇ ಸಲ. ಆಮೇಲೆ ಬೇಗಂ ಎಷ್ಟು ಕರೆದರೂ ಒಳಗಿಂದ ಸದ್ದಿಲ್ಲ.

ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟರು. "ಬೀಗತಿಗೆ ಫೋನ್ ಹಚ್ರೇ. ಗಂಟು ಹಾಕಿದಾಕಿ ಹೇಳ್ಲಿ" ಎಂದರು.

ಈ ಸಲ ಹುಡುಗಿಯ ತಾಯಿ ಫೋನ್ ಎತ್ತಿದರು. ಹಿಂದೆ ಬ್ಯಾಂಡಿನ ಗದ್ದಲ. ಅಜ್ಜಿ ವಿಷಯ ಹೇಳಲಿಲ್ಲ. "ಸುಮ್ಮ ಕೇಳ್ರಿ ಒಂದೀಟು" ಎಂದು ಫೋನನ್ನು ಬೇಗಂನ ಬಾಯಿಯ ಹತ್ತಿರ ಹಿಡಿದರು. ಅದು ಕರೆಯುತ್ತಲೇ ಇತ್ತು. ಆ ಕಡೆಯಿಂದ ಅಳುವಿನಲ್ಲಿ ಒಡೆದ ದನಿ ಬಂತು. "ಬಿಚ್ಚಾಕ ಹೇಳ್ರೀ ಅತ್ತೀ. ತಾಯಿ ಹಾಕಿದ ಗಂಟು. ಇನ್ನೊಂದು ತಾಯಿ ಬಂದು ಬೇಡಾಕತ್ತೈತಿ. ಅದಕ್ಕ ಇಲ್ಲ ಅಂದ್ರ ನನ್ನ ಮಗಳಿಗೆ ಹೆಂಗ ಚೊಲೋ ಆದೀತು?"

ಕತ್ತರಿ ಹಾಕಲು ಅಜ್ಜಿ ಬಿಡಲಿಲ್ಲ. ಗಂಟು ಬಿಚ್ಚಬೇಕು, ಕತ್ತರಿಸಬಾರದು. ದಿನವೂ ನೂರು ಗಂಟು ಹಾಕಿ ಬಿಚ್ಚುವ ನನ್ನ ಕೈಗೂ ಆ ಗಂಟು ಜಗ್ಗಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಸಡಿಲಿಸಿದೆ. ಸುರುಳಿ ಬಿಚ್ಚುತ್ತ ಹೋದಂತೆ ಒಳಮಡಿಕೆಯಲ್ಲಿ ಸಿಕ್ಕಿತು. ಕೈಗೆತ್ತಿಕೊಂಡರೆ ಒದ್ದೆಬಟ್ಟೆಯ ಹಾಗೆ ಜೋತುಬಿತ್ತು. ಹೊಟ್ಟೆ, ಪಾದ ಎಲ್ಲ ತಣ್ಣಗೆ. ಮುಗಿಯಿತು ಎಂದುಕೊಂಡೆ.

ಯಾರೋ ಆಕಳ ಹಾಲು ಬಿಸಿ ಮಾಡಿ ಚಮಚದಲ್ಲಿ ತಂದರು. ಅದೇ ಹೊತ್ತಿಗೆ ನಮ್ಮ ಮನೆಯವರ ಫೋನ್ ಬಂತು. ಊರು ನಗುತ್ತದೆ ಎಂದು ನನ್ನನ್ನು ಬೈದ ಮನುಷ್ಯ ಅಂಗಡಿಗೆ ಬಾಗಿಲು ಹಾಕಿ ಸಿಂಧನೂರಿನ ದನದ ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ನಿಂತಿದ್ದರು! "ಮರಿ ಸಿಕ್ಕೈತಿ, ಮೈಯೆಲ್ಲ ತಣ್ಣಗೈತಿ, ಹಾಲು ಹಾಕಾಕತ್ತೀವಿ" ಎಂದೆ.

"ಹಾಲು ಹಾಕಬ್ಯಾಡ! ತಣ್ಣಗಾದ ಮರಿಗೆ ಹಾಲು ಅರಗಂಗಿಲ್ಲಂತ, ಗಂಟಲಿಗೆ ಸಿಗತೈತಂತ. ಒಲಿ ಮುಂದೂ ಹಿಡೀಬ್ಯಾಡ. ನಿನ್ನ ಮೈಗೆ ಹಚ್ಕೊಂಡು ಕುಂದ್ರು. ಮೆಲ್ಲಕ ಬೆಚ್ಚಗ ಮಾಡಬೇಕಂತ. ಪೂರಾ ಬೆಚ್ಚಗಾದ ಮ್ಯಾಲೆ ತಾಯಿ ಹಂತ್ಯಾಕ ಬಿಡು."

ಮರಿಯನ್ನು ಸೆರಗಿನ ಒಳಗೆ, ಹೊಟ್ಟೆಗೆ ಒತ್ತಿಕೊಂಡು ನೆಲದ ಮೇಲೆ ಕೂತೆ. ಒಬ್ಬಳು ಶಾಲು ಹೊದಿಸಿದಳು. ಮಸ್ಕಿಯಿಂದ ತಂದ ಬಾಟಲಿಗೆ ಮತ್ತೆ ಬಿಸಿನೀರು ತುಂಬಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರು. ನಾನು ಅಲುಗಾಡದೆ ಕೂತೆ, ಆದರೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಪದೇ ಪದೇ ಬೆರಳಿಟ್ಟು ನೋಡುತ್ತಿದ್ದೆ. ನನ್ನದೇ ನಾಡಿಬಡಿತ ಬೆರಳಿಗೆ ಹತ್ತಿ ಮೋಸ ಮಾಡುತ್ತಿತ್ತು. ಅಲ್ಲಾನ ಹೆಸರು ಹೇಳುತ್ತಿದ್ದೆ. ಅಜ್ಜಿ ತಮ್ಮ ದೇವರ ಹೆಸರು ಹೇಳುತ್ತಿದ್ದರು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯಿತು. ಆಗ ನನ್ನ ಹೊಟ್ಟೆಯ ಮೇಲೆ ಒಂದು ಸಣ್ಣ ಉಗುರು ಗೀರಿತು. ನಾನು ಜೋರಾಗಿ ಅತ್ತುಬಿಟ್ಟೆ. ಯಾರದೋ ಮನೆ, ಮದುವೆಯ ದಿನ ಎಂಬ ಎಚ್ಚರವೂ ಇರಲಿಲ್ಲ.

ಮೈ ಪೂರ್ತಿ ಬೆಚ್ಚಗಾದ ಮೇಲೆ ಬೇಗಂನ ಮುಂದೆ ಬಿಟ್ಟೆ. ಅದು ಮರಿಯನ್ನು ನೆಕ್ಕಿ ನೆಕ್ಕಿ ಉರುಳಾಡಿಸಿತು. ಆಮೇಲೆ ಕುತ್ತಿಗೆ ಕಚ್ಚಿ ಎತ್ತಿಕೊಂಡು, ನನ್ನ ಬುಟ್ಟಿಯನ್ನು ತಿರುಗಿಯೂ ನೋಡದೆ, ಹಾಸಿ ಬಿದ್ದಿದ್ದ ಹೊಸ ಗಾದಿಯ ನಟ್ಟನಡುವೆ ಹೋಗಿ ಮಲಗಿತು. ಉಳಿದ ಎರಡನ್ನೂ ಅಲ್ಲಿಗೇ ತಂದುಕೊಂಡಿತು. ನಾನು ಗಾಬರಿಯಾಗಿ ಎತ್ತಲು ಹೋದರೆ ಅಜ್ಜಿ ಕೈ ತಟ್ಟಿದರು. "ಬಾಣಂತಿ ಮಲಗ್ಯಾಳ, ಎಬ್ಬಿಸ್ತಾರೇನು? ಗಾದಿ ಮ್ಯಾಲೆ ಮಕ್ಕಳ ತಾಯಿನೇ ಮೊದಲ ಮಲಗಿದ್ಲು. ಇದಕ್ಕಿಂತ ಶುಭ ಏನೈತಿ?" ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು.

ಹೊತ್ತು ಇಳಿಯುವಾಗ ದಿಬ್ಬಣ ಬಂತು. ಅಕ್ಕಿಯ ಸೇರು ಒದ್ದು ಒಳಗೆ ಬಂದ ಹುಡುಗಿ ಕೋಣೆಯ ಬಾಗಿಲಲ್ಲಿ ನಿಂತಳು. ಮೊದಲು ಅವಳ ಕಣ್ಣಿಗೆ ಬಿದ್ದದ್ದು ಬಿಚ್ಚಿದ ಹಳದಿ ದಾರ. ಮುಖ ಬಿಳಿಚಿತು. ನಾನು ಎದ್ದು ನಿಂತೆ. ಅಜ್ಜಿಯೇ ಅವಳ ಕೈ ಹಿಡಿದು ನಡೆದದ್ದನ್ನೆಲ್ಲ ಹೇಳಿದರು. ಅವಳು ಗಾದಿಯ ಅಂಚಿನಲ್ಲಿ ಮಂಡಿಯೂರಿ ಕೂತು ಬೇಗಂನನ್ನು ನೋಡಿದಳು.

"ಇದಕ್ಕೋಸ್ಕರ ಸಿಂಧನೂರಿಂದ ಬಂದ್ರೇನು?" ಎಂದು ನನ್ನನ್ನು ಕೇಳಿದಳು.

"ನಾ ಎಲ್ಲಿ ಬಂದೆ ತಂಗಿ? ಇದು ನನ್ನ ಎಳ್ಕೊಂಡು ಬಂತು. ಕೂಸು ಎಲ್ಲೈತಿ ಅಲ್ಲಿಗೆ ಹೋಗಬೇಕಂತ ಹಟ."

ಆ ಮಾತು ಆಡಬಾರದಿತ್ತೇನೋ. ಮಸ್ಕಿಯಿಂದ ಅಲ್ಲಿಯ ತನಕ ಬಿಗಿಹಿಡಿದು ಬಂದಿದ್ದಳು ಎಂದು ಕಾಣುತ್ತದೆ. ಗಾದಿಗೆ ಮುಖ ಒತ್ತಿಕೊಂಡು, "ಯವ್ವಾ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಬೇಗಂ ಒಮ್ಮೆ ತಲೆಯೆತ್ತಿ ನೋಡಿ, ಅವಳ ಹಣೆಯನ್ನು ಮೂಸಿ ಮತ್ತೆ ಮಲಗಿತು. ಅಜ್ಜಿ ಅವಳ ತಲೆ ಸವರುತ್ತ, ಬಾಗಿಲಲ್ಲಿ ನಿಂತಿದ್ದ ಮೊಮ್ಮಗನಿಗೆ, "ನಾಳಿ ಬೆಳಿಗ್ಗೆ ಗಾಡಿ ತಗೊಂಡು ಹೋಗಿ ಇವರವ್ವನ್ನ ಕರ್ಕೊಂಡು ಬಾ. ಹುಡುಗಿ ತಾಯಿ ಇಷ್ಟು ಜಲ್ದಿ ಬರಬಾರದು ಅನ್ನೂ ಪದ್ಧತಿ ಗಿದ್ಧತಿ ನಾ ನೋಡ್ಕೋತೀನಿ" ಎಂದರು.

ಅವತ್ತೇ ನಾನು ಬೆಕ್ಕು, ಮರಿಗಳ ಜೊತೆ ಊರಿಗೆ ಬಂದೆ. ಮಾರನೆಯ ದಿನ ಚೂರುಪಾರು ಬಟ್ಟೆಯಲ್ಲಿ ಬೇಗಂಗೆ ಒಂದು ಪುಟ್ಟ ಗಾದಿ ಹೊಲಿದೆ. ಬಂಡೆಯ ತಣ್ಣಗೆ ತಾಗದಂತೆ ಡಬ್ಬಿಯನ್ನು ಹಲಗೆಯ ಮೇಲೆ ಎತ್ತಿಟ್ಟು, ಗಾಳಿ ಬರುವ ಕಡೆ ಮರೆ ಕಟ್ಟಿದೆ. ಮೂರೂ ಮರಿ ಉಳಿದವು.

ಆದರೆ ನನಗೆ ಇವತ್ತಿಗೂ ಕಾಡುವುದು ಬೆಕ್ಕಿನ ಕೂಗಲ್ಲ, ಆ ಹುಡುಗಿಯ ಅಳು. ಮಗಳ ಮದುವೆಗೆ ಗಾದಿ ಹೇಳಲು ಬರುವ ತಾಯಂದಿರದು ಒಂದು ಅಭ್ಯಾಸವಿದೆ. ತುಂಬಿ ಮುಗಿದ ಗಾದಿಯನ್ನು ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಾರೆ. "ಇಲ್ಲಿ ತೆಳ್ಳಗೈತಿ, ಇನ್ನೀಟು ಹಾಕವ್ವಾ" ಎನ್ನುತ್ತಾರೆ. ತೂಕ ಸರಿಯಾಗಿದೆ, ಎಲ್ಲೂ ತೆಳ್ಳಗಿಲ್ಲ ಎಂದು ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ಒಂದು ಮಾತೂ ಆಡುವುದಿಲ್ಲ. ಅವರು ಎಲ್ಲಿ ಕೈಯಿಟ್ಟರೋ ಅಲ್ಲಿ ಇನ್ನೊಂದು ಹಿಡಿ ಹತ್ತಿ ತುಂಬಿ ಹೊಲಿಯುತ್ತೇನೆ.